ಮದ್ದೂರು ವಡೆಗೆ ನಾನೂರು ಕುದುರೆ

ಭಾನುವಾರ ಬೆಳಿಗ್ಗೆ ಯಲಿಯೂರು ಸರ್ಕಲ್ಲಿನಲ್ಲಿ ಟೀ ಕುಡಿಯುತ್ತಾ ನಿಂತರೆ, ಅಮೆರಿಕದ ಮಸಲ್ ಕಾರುಗಳ ಬಗ್ಗೆ ಡೆಟ್ರಾಯಿಟ್‌ನವರಿಗೂ ತಿಳಿಯದ ಸಂಗತಿಗಳು ಪುಕ್ಕಟೆಯಾಗಿ ಕಿವಿಗೆ ಬೀಳುತ್ತವೆ. ಹೆದ್ದಾರಿಯಲ್ಲಿ ಏನೋ ಒಂದು ಗುಡುಗಿಕೊಂಡು ಮೈಸೂರಿನತ್ತ ಹೋದರೆ ಸಾಕು.

“ಮಸ್ಟಾಂಗ್ ಕಣ್ಲಾ!”

“ಅದ್ಯಾವ್ ಲೆಕ್ಕ ಬುಡ್ಲಾ. ಚಾಲೆಂಜರ್ ಹೆಲ್‌ಕ್ಯಾಟ್ ಬಂದ್ರೆ ನಿನ್ ಮಸ್ಟಾಂಗು ಮೂಲೆಗೆ ಕೂತ್ಕಬೇಕು. ಏಳ್ನೂರ್ ಚಿಲ್ರೆ ಎಚ್‌ಪಿ!”

“ಯಾಕ್ರಲಾ, ಕಮಾರೊ ನಿಮ್ ಕಣ್ಗೆ ಕಾಣಾಕಿಲ್ವಾ?”

ಮೂವರಿಗೂ ಸೇರಿ ಇರುವುದು ಒಂದು ಸ್ಪ್ಲೆಂಡರ್. ಅದೂ ಒಬ್ಬನ ಭಾವನದು.

ಹೋಲಿಕೆ ಮಾಡಲೇಬೇಕಾದರೆ ಕ್ರಮವಾಗಿಯೇ ಮಾಡೋಣ. ಕಮಾರೊ ಎಸ್‌ಎಸ್‌ನದು 6.2 ಲೀಟರ್ ವಿ8 ಎಂಜಿನ್, 455 ಅಶ್ವಶಕ್ತಿ. ತಿರುವಿನಲ್ಲಿ ಮೂರರಲ್ಲೂ ಇದೇ ಗಟ್ಟಿ ಎಂದು ಓಡಿಸಿ ಬಲ್ಲವರು ಹೇಳುತ್ತಾರೆ. ಚಾಲೆಂಜರ್ ಎರಡು ಟನ್ನಿನ ಹತ್ತಿರದ ಆಸಾಮಿ, ನೇರ ರಸ್ತೆಯ ಶೂರ. ಇವೆರಡರ ತಯಾರಿಕೆಯೂ 2023ರ ಡಿಸೆಂಬರ್‌ನಲ್ಲಿ ನಿಂತಿತು. ನಿಲ್ಲದೆ ಇದ್ದಿದ್ದರೂ ನಮಗೇನೂ ಸಿಗುತ್ತಿರಲಿಲ್ಲ. ಎರಡೂ ಕಾರ್ಖಾನೆಯಿಂದ ಹೊರಬಂದದ್ದು ಎಡಗಡೆ ಸ್ಟಿಯರಿಂಗ್ ಇಟ್ಟುಕೊಂಡೇ, ನಮ್ಮ ಆಮದು ನಿಯಮ ಕೇಳುವುದು ಬಲಗಡೆಯದು. ಮಸ್ಟಾಂಗ್ ಕೂಡ 1964ರಿಂದ ಐವತ್ತು ವರ್ಷ ಎಡಕ್ಕೇ ಕೂತಿತ್ತು. 2015ರ ಮಾದರಿಯಲ್ಲಿ ಬಲಕ್ಕೆ ಸರಿದು, 2016ರ ಜುಲೈನಲ್ಲಿ 65 ಲಕ್ಷದ ಬೆಲೆಪಟ್ಟಿಯೊಂದಿಗೆ ಭಾರತಕ್ಕೆ ಬಂತು. ಅಲ್ಲಿಗೆ ನಮ್ಮೂರ ಹಾಲಿನ ಡೇರಿ ಚುನಾವಣೆಯಂತೆ ಇಬ್ಬರ ನಾಮಪತ್ರ ತಿರಸ್ಕೃತವಾಗಿ ಒಬ್ಬ ಅವಿರೋಧವಾಗಿ ಗೆದ್ದಂತಾಯಿತು. ಗೆದ್ದವನೂ ಬಹಳ ದಿನ ಊರಲ್ಲಿ ನಿಲ್ಲಲಿಲ್ಲ: 2021ರ ಸೆಪ್ಟೆಂಬರ್‌ನಲ್ಲಿ ಮಸ್ಟಾಂಗ್ ಮಾಡುವ ಫೋರ್ಡ್ ಕಂಪನಿ ಇಲ್ಲಿ ಕಾರು ತಯಾರಿಸುವುದಕ್ಕೇ ಕೈಮುಗಿಯಿತು.

ಅಂದಹಾಗೆ, ಮೊದಲ ಮಸ್ಟಾಂಗ್ ಹುಟ್ಟಿದ್ದು 2,368 ಡಾಲರಿಗೆ. ಸಂಬಳದ ಹುಡುಗರೂ ಕೊಳ್ಳಲಿ ಎಂದು ಮಾಡಿದ ಕಾರು ಅದು. ಕಡಲು ದಾಟಿ, ಸುಂಕ ಕಟ್ಟಿ, ಕರ್ನಾಟಕದ ಶೇ 18ರ ಜೀವಾವಧಿ ತೆರಿಗೆಯನ್ನೂ ತೆತ್ತು ಇಲ್ಲಿಗೆ ಮುಟ್ಟುವಷ್ಟರಲ್ಲಿ ಅದು ಸಂಬಳ ಕೊಡುವವರ ಕಾರಾಯಿತು.

ಇನ್ನು ಓಟದ ಮಾತು. ನಮ್ಮಲ್ಲಿಗೆ ಬಂದ ಮಸ್ಟಾಂಗ್‌ಗೆ ನಾನೂರು ಕುದುರೆಗಳ ಬಲ. ಶೂನ್ಯದಿಂದ ನೂರು ಕಿ.ಮೀ. ವೇಗ ಮುಟ್ಟಲು ಸುಮಾರು ಐದು ಸೆಕೆಂಡು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ ವೇ 118 ಕಿ.ಮೀ. ಉದ್ದ, ಅಲ್ಲಿ ಕಾನೂನು ಒಪ್ಪುವ ವೇಗ ಗಂಟೆಗೆ ನೂರು. ಅಂದರೆ ಅರವತ್ತೈದು ಲಕ್ಷದ ಸುಖ ಐದು ಸೆಕೆಂಡಿಗೆ ಮುಗಿಯಿತು. ಸೆಕೆಂಡಿಗೆ 13 ಲಕ್ಷ! ಆರನೇ ಸೆಕೆಂಡಿನಿಂದ ಮಸ್ಟಾಂಗೂ ಒಂದೇ, ಪಕ್ಕದ ಲೇನಿನಲ್ಲಿ ಅತ್ತೆ ಮಾವನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟ ಆಲ್ಟೊನೂ ಒಂದೇ. ನೂರು ದಾಟಿದರೆ ಕಂಬದ ಮೇಲಿನ ಕ್ಯಾಮೆರಾ ಫೋಟೊ ಹಿಡಿಯುತ್ತದೆ. ನೂರಮೂವತ್ತು ದಾಟಿದರೆ 2024ರ ಆಗಸ್ಟ್‌ನಿಂದ ಎಫ್‌ಐಆರ್. ಗಣಂಗೂರು ಟೋಲಿನಲ್ಲಿ ಎರಡಕ್ಕೂ ಒಂದೇ ದರ, ಫಾಸ್ಟ್ಯಾಗ್‌ಗೆ ಕುದುರೆ ಎಣಿಸಲು ಬರುವುದಿಲ್ಲ.

ಕ್ಯಾಮೆರಾ ಹಾಕಿದ್ದನ್ನು ನಾನಂತೂ ಬೈಯಲಾರೆ. 2023ರ ಮೊದಲ ಆರು ತಿಂಗಳಲ್ಲಿ ಈ ರಸ್ತೆಯಲ್ಲಿ ಸತ್ತವರು ಒಬ್ಬಿಬ್ಬರಲ್ಲ. ಕ್ಯಾಮೆರಾ ಬಂದ ಮೇಲೆ ಸಾವು ಬಹಳ ಇಳಿಯಿತು. ನನ್ನ ತಕರಾರು ಬೇರೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಕೆಳಗಿಳಿಸಿದರು. ರಸ್ತೆಗೆ ಗದ್ದೆ ಬಿಟ್ಟುಕೊಟ್ಟವನ ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ಸರ್ವೀಸ್ ರಸ್ತೆಯ ಹಂಪು ಎಣಿಸುತ್ತಾ ಹೋಗಬೇಕು. ಮದ್ದೂರು ವಡೆ ತಿನ್ನಲು ನಾನೂರು ಕುದುರೆ ಕಟ್ಟಿಕೊಂಡು ಬಂದವರಿಗೆ ಮಾತ್ರ ರಾಜಬೀದಿ. ಆದರೆ ಎಕ್ಸ್‌ಪ್ರೆಸ್‌ ವೇ ಮದ್ದೂರಿನ ನೆತ್ತಿಯ ಮೇಲೆ ಹಾದುಹೋಗುತ್ತದಲ್ಲ, ವಡೆ ಬೇಕೆಂದರೆ ಅವರೂ ಕೆಳಗಿಳಿಯಲೇಬೇಕು. ಇಳಿದ ಕಾರು ಹಂಪಿನ ಮುಂದೆ ಮದುವೆ ಹೆಣ್ಣಿನಂತೆ ತಲೆತಗ್ಗಿಸಿ, ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸುವುದನ್ನು ನೋಡಲೂ ಪುಣ್ಯ ಬೇಕು. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರಿನವನು ಹಾರನ್ ಹೊಡೆಯುತ್ತಿರುತ್ತಾನೆ.

ಸದ್ದಿನ ವಿಚಾರಕ್ಕೆ ಬಂದರೆ, ಡಾಡ್ಜ್ ಕಂಪನಿ ಚಾಲೆಂಜರನ್ನು ನಿಲ್ಲಿಸಿದ ಮೇಲೆ ಚಾರ್ಜರ್ ಡೇಟೋನ ಎಂಬ ಬ್ಯಾಟರಿ ಕಾರು ತಂದಿತು. ಬ್ಯಾಟರಿ ಕಾರಿಗೆ ಸದ್ದಿಲ್ಲ, ಸದ್ದಿಲ್ಲದಿದ್ದರೆ ಗಂಡಸ್ತನವಿಲ್ಲ. ಅದಕ್ಕೇ ಸ್ಪೀಕರ್ ಇಟ್ಟು ಸುಳ್ಳು ಗುಡುಗು ಹೊರಡಿಸುತ್ತಾರೆ. ಅಮೆರಿಕದವರು ಇದನ್ನು ಹೊಸ ಆವಿಷ್ಕಾರ ಅಂದುಕೊಂಡಿರಬೇಕು. ಗಣಪತಿ ಬಿಡುವ ದಿನ ನಮ್ಮ ಟ್ರ್ಯಾಕ್ಟರುಗಳ ಹಿಂದೆ ಇರುವುದು ಮತ್ತೇನು? ಇತ್ತ ಹುಡುಗನೊಬ್ಬ ಬುಲೆಟ್ಟಿಗೆ ಬದಲಿಸಿ ಹಾಕಿದ ಸೈಲೆನ್ಸರನ್ನು ಕಿತ್ತು ಪೊಲೀಸರು ರೋಡ್ ರೋಲರ್ ಹತ್ತಿಸುತ್ತಾರೆ. ಗುಡುಗು ಕಂಪನಿಯಲ್ಲೇ ಹುಟ್ಟಬೇಕು, ಗ್ಯಾರೇಜಿನಲ್ಲಿ ಹುಟ್ಟಿದರೆ ಅಪರಾಧ.

ಹಾಗೆಂದು ಊರಿನವರೇನು ಕಡಿಮೆಯಿಲ್ಲ. ಇಲ್ಲಿನ ಅಸಲಿ ಮಸಲ್ ಕಾರು ರೇಸಿನ ಹಳ್ಳಿಕಾರ್ ಎತ್ತಿನ ಜೋಡಿ. ಹುರುಳಿ, ಮೊಟ್ಟೆ, ಬೆಣ್ಣೆ ತಿನ್ನಿಸಿ, ಮೈ ತಿಕ್ಕಿ, ಕೊಂಬು ಹೆರೆಸಿ, ಹೆಸರಿಟ್ಟು ಸಾಕುತ್ತಾರೆ. ಲಕ್ಷಗಳಲ್ಲಿ ಕೈ ಬದಲಾಗುತ್ತವೆ. ಅವುಗಳ ಹೆಗಲಿಗೆ ನೇಗಿಲು ಕಟ್ಟಿಬಿಟ್ಟರೆ ಮನೆತನದ ಮಾನ ಹೋಯಿತು. ಗಾಡಿ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ ಕಾನೂನು ತಿದ್ದುಪಡಿಯನ್ನು 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ಮಸ್ಟಾಂಗ್ ಮಾಲೀಕರು ಇನ್ನೂ ಕೋರ್ಟು ಹತ್ತಿಲ್ಲ. ಶೋರೂಮಿನಿಂದ ಹೊರಬಿದ್ದ ಗಳಿಗೆಯಿಂದಲೇ ಕಾರಿನ ಬೆಲೆ ಇಳಿಯುತ್ತದೆ, ಕಪ್ ಗೆದ್ದ ಎತ್ತಿನ ಬೆಲೆ ಏರುತ್ತದೆ. ಈ ಹೋಲಿಕೆಯಲ್ಲಿ ಇದೊಂದು ಅಂಕ ನಾನು ಎತ್ತಿಗೇ ಕೊಡುತ್ತೇನೆ.

ಎಣ್ಣೆಯ ಮಾತು ಬಿಟ್ಟೇ ಹೋಯಿತು. ಚಾಲೆಂಜರ್ ವಂಶದ ಕೊನೆಯ ಕುಡಿ ಡೀಮನ್ 170, 1,025 ಅಶ್ವಶಕ್ತಿ. ಆದರೆ ಆ ಪೂರ್ತಿ ಬಲ ಹೊಮ್ಮಬೇಕಾದರೆ ಬಂಕಿನ ಸಾಮಾನ್ಯ ಪೆಟ್ರೋಲು ಸಾಲದು, ಎಥೆನಾಲ್ ಹೆಚ್ಚಾಗಿರುವ ಇ85 ಕುಡಿಸಬೇಕು. ಅಮೆರಿಕದಲ್ಲಿ ಎಥೆನಾಲನ್ನು ಮೆಕ್ಕೆಜೋಳದಿಂದ ತೆಗೆಯುತ್ತಾರೆ. ನಮ್ಮ ಬಂಕಿನ ಪೆಟ್ರೋಲಿನಲ್ಲೂ ಈಗ ಶೇ 20 ಎಥೆನಾಲ್, ಅದರಲ್ಲಿ ಕಬ್ಬಿನ ಪಾಲು ಸಣ್ಣದಲ್ಲ. ಸರ್ವೀಸ್ ರಸ್ತೆಗೆ ತಳ್ಳಿಸಿಕೊಂಡ ಬೆಳೆಯೇ ಟ್ಯಾಂಕಿನೊಳಗೆ ಕೂತು ಮುಖ್ಯ ರಸ್ತೆಯಲ್ಲಿ ಹೋಗುತ್ತಿದೆ! ಕಬ್ಬು ಹಾಕಿದ 14 ದಿನದೊಳಗೆ ಫ್ಯಾಕ್ಟರಿ ಹಣ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಶೂನ್ಯದಿಂದ ನೂರಕ್ಕೆ ಎಷ್ಟು ಸೆಕೆಂಡು ಎಂದು ಗಡಿಯಾರ ಹಿಡಿದು ನಿಲ್ಲುವ ಕಾರು ಪರೀಕ್ಷಕರು ಒಮ್ಮೆ ಯಲಿಯೂರಿನಲ್ಲಿ ಇಳಿದು, ತೂಕದ ಚೀಟಿಯಿಂದ ಬ್ಯಾಂಕ್ ಪಾಸ್‌ಬುಕ್ಕಿಗೆ ಎಷ್ಟು ಎಂಬುದನ್ನೂ ಅಳೆಯಲಿ. ಟೀ ಖರ್ಚು ನನ್ನದು.