ಪೂರ್ಣ ಮನುಷ್ಯನಾದ ರಕ್ಷಕ: ಚಿಕ್ಕೋಡಿ ಸೀಮೆಯವರಿಗೆ ಬಳಕೆಯ ಕೈಪಿಡಿ

ಪೆಟ್ಟಿಗೆ ಬಿಚ್ಚುವ ಮೊದಲು ಮೇಲಿರುವ ಬಾಣದ ಗುರುತನ್ನು ನೋಡಿಕೊಳ್ಳಿ. ಅದು ಕೆಳಮುಖವಾಗಿದೆ. ಅಚ್ಚಿನ ತಪ್ಪಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಇದನ್ನು ತಿರುವಿ ಇಡುವ ಸಂಭವ ಹೆಚ್ಚಾದ್ದರಿಂದ ಮೊದಲೇ ಹೇಳಿಬಿಟ್ಟಿದ್ದೇವೆ.

ತಿರುವುವುದಕ್ಕೆ ಕಾರಣವೂ ಇದೆ. ಮನುಷ್ಯ ಮೇಲೇರುವುದು ಈ ಸೀಮೆಗೆ ಹಳೆಯ ಪರಿಚಯ. 1872ರಲ್ಲಿ ಹುಟ್ಟಿದ ಭೋಜ ಗ್ರಾಮದ ಪಾಟೀಲರ ಮಗ ದಿಗಂಬರ ಜೈನ ಮುನಿಯಾಗಿ ಆಚಾರ್ಯ ಶಾಂತಿಸಾಗರರಾದರು. ಅದೇ ದಾರಿಯಲ್ಲಿ ಶೇಡಬಾಳದಿಂದ ವಿದ್ಯಾನಂದರು ಹೊರಟರು, ಸದಲಗಾದಿಂದ ವಿದ್ಯಾಸಾಗರರು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ ಹೆಸರು ಹೇಳದ ಮನೆ ಅಲ್ಲಿ ಅಪರೂಪ. ಶಾಂತಿಸಾಗರರು ಮನೆ ಬಿಟ್ಟರು, ಬಟ್ಟೆ ಬಿಟ್ಟರು, ಕಡೆಗೆ 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ಅನ್ನವನ್ನೂ ಬಿಟ್ಟರು. ಇಂಥ ನೆಲದಲ್ಲಿ ನಿಂತು, ದೇವರೇ ಯೇಸುವಾಗಿ ಇಳಿದುಬಂದು ಹಸಿವನ್ನು ಹೊತ್ತುಕೊಂಡ ಎಂದರೆ ‘ಇದೇನ್ರೀ ಉಲ್ಟಾ!’ ಅನ್ನದೆ ಇನ್ನೇನು ಅಂದಾರು?

ಬಿಡಿಭಾಗಗಳನ್ನು ಎಣಿಸಿಕೊಳ್ಳಿ. ದನಗಳ ಮೇವಿನ ಗೋದಲಿಯಲ್ಲಿ ಮಲಗಿದ ಕೂಸು. ಹನ್ನೆರಡರ ವಯಸ್ಸಿಗೆ ಹಬ್ಬಕ್ಕೆ ಹೋಗಿ ತಾಯಿತಂದೆಯ ಕೈತಪ್ಪಿದ ಹುಡುಗ. ಬಡಿಗ. ಬಿಸಿಲಲ್ಲಿ ನಡೆದು ದಣಿದು, ಬಾವಿಕಟ್ಟೆಯ ಮೇಲೆ ಕೂತು ಪರಜಾತಿಯ ಹೆಂಗಸಿನ ಹತ್ತಿರ ನೀರು ಬೇಡಿದವನು. ಬಿರುಗಾಳಿಯಲ್ಲೂ ದೋಣಿಯ ಹಿಂಬದಿಗೆ ದಿಂಬಿಟ್ಟು ನಿದ್ದೆಹೋದವನು. ಗೆಳೆಯ ಸತ್ತಾಗ ಅತ್ತವನು. ಬೆಳಗಿನ ಹಸಿವಿನಲ್ಲಿ, ಅಂಜೂರದ ಕಾಲವಲ್ಲದ ಕಾಲದಲ್ಲಿ, ಅಂಜೂರದ ಗಿಡಕ್ಕೆ ಶಾಪ ಹಾಕಿದವನು. (ಗಿಡದ ಪರ ವಾದಿಸಬೇಕೆಂದು ನನಗೂ ಅನಿಸಿದ್ದುಂಟು.) ಒಂದು ಭಾಗ ಮಾತ್ರ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ: ಪಾಪ. ಮಾಲು ಕಡಿಮೆ ಬಂದಿದೆ ಎಂದು ತಕರಾರು ತೆಗೆಯಬೇಡಿ.

ಜೋಡಣೆಯಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು, ದೇಹ ಬರೀ ತೋರಿಕೆ, ನೋವು ನಟನೆ ಎನ್ನುವುದು. ಇದು ನಮ್ಮೂರಿನ ಮಾಯೆಯ ಮಾತಲ್ಲ. ಎರಡನೆಯ ಶತಮಾನದಲ್ಲೇ ಸಿರಿಯಾ ಕಡೆಯ ಕ್ರೈಸ್ತರು ಇದನ್ನು ಹೇಳಿ ಬೈಸಿಕೊಂಡರು. ಎರಡನೆಯದು ಇನ್ನೂ ನಯವಾದದ್ದು: ದೇಹ ಮನುಷ್ಯನದು, ಒಳಗಿನ ಬುದ್ಧಿ ಮಾತ್ರ ದೇವರದು. ಅಪೊಲಿನಾರಿಸ್ ಎಂಬ ಬಿಷಪ್ ಹೀಗೆ ಜೋಡಿಸಿದ. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಭೆ ಅದನ್ನು ತಳ್ಳಿಹಾಕಿತು. ನಾಝಿಯಾನ್ಝಸ್‌ನ ಗ್ರೆಗೊರಿಯ ವಾದ ದವಾಖಾನೆಯ ವಾದ: ರಕ್ಷಕ ಯಾವುದನ್ನು ಮೈಗೆ ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗುವುದಿಲ್ಲ. ಮನುಷ್ಯನ ಬುದ್ಧಿಯೇ ಕೆಟ್ಟಿರುವಾಗ ಅದನ್ನೇ ಹೊರಗಿಟ್ಟರೆ ಹೇಗೆ? ಈ ತರ್ಕವನ್ನು ಕಾಗವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಗಡಿ ದಾಟಿದರೆ ಮಿರಜ; ಅಲ್ಲಿ ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದ ಮಿಷನ್ ದವಾಖಾನೆ. ನೋವಿರುವ ಜಾಗ ಬಿಟ್ಟು ಬೇರೆಲ್ಲ ಮುಟ್ಟಿ ನೋಡುವ ಡಾಕ್ಟರನ ಹತ್ತಿರ ಯಾರೂ ಗಡಿ ದಾಟಿ ಹೋಗುವುದಿಲ್ಲ.

451ರಲ್ಲಿ ಖಾಲ್ಸಿದೋನಿನಲ್ಲಿ ಸೇರಿದ ಬಿಷಪ್ಪರು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು ಅಂತಿಮ ಸೂಚನೆ ಬರೆದರು: ಬೆರೆಸಬಾರದು, ಬದಲಿಸಬಾರದು, ಸೀಳಬಾರದು, ಬೇರ್ಪಡಿಸಬಾರದು. ಹಾಗಾದರೆ ಜೋಡಿಸುವುದು ಹೇಗೆ? ಅದನ್ನು ಬರೆಯಲಿಲ್ಲ. ನಾನು ಓದಿದ ಕೈಪಿಡಿಗಳಲ್ಲೆಲ್ಲ ಇದೇ ಪ್ರಾಮಾಣಿಕವಾದದ್ದು.

ಸ್ಥಳೀಯ ಅಳವಡಿಕೆ ಬೇಕಾದವರು ಬೈಲಹೊಂಗಲ ಕಡೆಯ ದೇಶನೂರಿಗೆ ಹೋಗಿಬನ್ನಿ. ಅಲ್ಲಿ ಯೇಸುಸಭೆಯ ಪಾದ್ರಿಗಳು ಕಾವಿ ಉಟ್ಟು ಸ್ನಾನಿಕ ಅರುಳಪ್ಪನವರ, ಅಂದರೆ ಸ್ನಾನಿಕ ಯೋಹಾನನ, ಹೆಸರಿನಲ್ಲಿ ವಿರಕ್ತಮಠ ಕಟ್ಟಿದರು. ಕಾವಿಯೇನೋ ಈ ಮಣ್ಣಿಗೆ ಒಪ್ಪುತ್ತದೆ. ಆದರೆ ಕಾವಿ ಕಂಡಲ್ಲಿ ನಮ್ಮವರ ಕೈ ತಾನಾಗಿ ಪಾದದ ಕಡೆ ಹೋಗುತ್ತದೆ, ಬಾಣ ಮತ್ತೆ ಮೇಲಾಗುತ್ತದೆ. ಅದೇ ಸ್ನಾನಿಕ, ರಕ್ಷಕನ ಕೆರದ ಬಾರು ಬಿಚ್ಚಲೂ ತಾನು ಯೋಗ್ಯನಲ್ಲ ಎಂದಿದ್ದ. ಕೆರವೆಂದರೆ ಅಥಣಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಯ ಪಾಲೂ ಇದೆ. ಚರ್ಮ ಹದಮಾಡಿದವರನ್ನು ಊರ ಹೊರಗಿಟ್ಟು, ಅವರು ಹೊಲಿದದ್ದನ್ನು ಮೆಟ್ಟಿ ಊರೊಳಗೆ ಓಡಾಡಿದೆವು. ಗುರುವಿನ ಪಾದ ತೊಳೆದ ನೀರು ಪಾದೋದಕವಾಗುವ ಸೀಮೆಯೂ ಇದೇ. ಈ ರಕ್ಷಕನೋ ಸಾಯುವ ಹಿಂದಿನ ರಾತ್ರಿ ಸೊಂಟಕ್ಕೆ ಟುವಾಲು ಕಟ್ಟಿ, ಶಿಷ್ಯರ ಧೂಳುಗಾಲು ತೊಳೆದ. ‘ಬ್ಯಾಡ್ರೀ, ಬ್ಯಾಡ್ರೀ’ ಎಂದು ಪೇತ್ರ ಕಾಲು ಹಿಂದಕ್ಕೆ ಎಳೆದುಕೊಂಡಿದ್ದನ್ನು ನಮ್ಮ ಸೀಮೆಯಷ್ಟು ಚೆನ್ನಾಗಿ ಬೇರೆಯವರು ತಿಳಿಯಲಾರರು. ಪವಿತ್ರ ಗುರುವಾರ ಕಥೋಲಿಕ ಗುರುಗಳು ಇವತ್ತಿಗೂ ಹೀಗೆ ಕಾಲು ತೊಳೆಯುತ್ತಾರೆ.

ದೂರುಗಳಲ್ಲಿ ಗಟ್ಟಿಯಾದದ್ದು ದಿಗಂಬರ ಜೈನರದು. ಸರ್ವಜ್ಞನಾದ ಕೇವಲಿಗೆ ಹಸಿವಿಲ್ಲ, ಅವನು ತುತ್ತು ಉಣ್ಣುವುದಿಲ್ಲ ಎಂಬುದು ಅವರ ಸಿದ್ಧಾಂತ; ಶ್ವೇತಾಂಬರರು ಒಪ್ಪುವುದಿಲ್ಲ. ಈ ರಕ್ಷಕ ಹಸಿದ. ಸಾಲದ್ದಕ್ಕೆ, ಕಡೆಯ ದಿನ ಯಾವುದೆಂದು ತನಗೂ ತಿಳಿಯದು ಎಂದ. ಇದು ದೋಷವಲ್ಲ, ದುರಸ್ತಿಗೆ ತರಬಾರದು. ಶಿಲುಬೆಯ ಮೇಲಿನ ಬಾಯಾರಿಕೆಯೂ ಹಾಗೆಯೇ. ಅದನ್ನು ನೋಡಲು ಕ್ರೈಸ್ತನೇ ಆಗಬೇಕೆಂದೂ ಇಲ್ಲ. ‘ಗೊಲ್ಗೊಥಾ’ ಎಂಬ ಶಿಲುಬೆಯ ಕಾವ್ಯ ಬರೆದ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಾಗಿರಲಿಲ್ಲ.

ವಾಪಸಾತಿ ಇಲ್ಲ. ಸತ್ತು ಎದ್ದ ಮೇಲೂ ಅವನು ಮೈಯನ್ನು ಹಿಂತಿರುಗಿಸಲಿಲ್ಲ, ಗಾಯದ ಗುರುತಿನ ಸಮೇತ ಇಟ್ಟುಕೊಂಡ. ಶಿಷ್ಯರು ನಂಬದೆ ಇದ್ದಾಗ ಅವರೆದುರೇ ಸುಟ್ಟ ಮೀನು ತಿಂದ. ಆಗಲೂ ಹಸಿವಿತ್ತೇ? ಇಲ್ಲ, ಆಗ ತಿಂದದ್ದು ಅಗತ್ಯಕ್ಕಲ್ಲ ಎಂದು ಸಂತ ಅಗಸ್ಟೀನ್ ಬರೆದಿದ್ದಾನೆ. ಇದನ್ನು ಕೇಳಿ ಶೇಡಬಾಳದ ಜೈನರಿಗೆ ಅರ್ಧ ಸಮಾಧಾನವಾಗಬಹುದು. ಉಳಿದರ್ಧ ತಕರಾರು ಮೀನಿನದು. ಅದಕ್ಕೆ ಈ ಕೈಪಿಡಿಯಲ್ಲಿ ಪರಿಹಾರ ಸೂಚಿಸಿಲ್ಲ.