ಕರೆಂಟಿಲ್ಲದ ಮೋಟ್ರು

ಮಾಗಡಿ ಸೀಮೆಯ ಕೆಂಪಾಪುರ. ಕೆಂಪೇಗೌಡರ ಸಮಾಧಿಯ ದಾರಿಯಲ್ಲೊಂದು ಟೀ ಅಂಗಡಿ. ಬೆಂಚಿನ ಮೇಲೆ ಗೋಣಿತಾಟು ಹೊದ್ದ ಯಂತ್ರ ಗುಯ್‌ಗುಡುತ್ತಿದೆ.

ಸಂಶೋಧಕ: ಮೋಟ್ರು ಡೈನಮೋ ತಿರುಗಿಸುತ್ತೆ, ಡೈನಮೋ ಮೋಟ್ರಿಗೆ ಕರೆಂಟು ಕೊಡುತ್ತೆ. ಮಿಕ್ಕಿದ್ದು ನಿಮ್ಮ ಬೋರ್‌ವೆಲ್ಲಿಗೆ. ಬಿಲ್ಲೇ ಇಲ್ಲ ಗೌಡ್ರೇ!

ಗೌಡ: ಪಂಪ್‌ಸೆಟ್ಟಿಗೆ 10 ಎಚ್‌ಪಿವರೆಗೆ ಈಗ್ಲೂ ಬಿಲ್ಲಿಲ್ಲ ಕಣಪ್ಪ. ಮಿಕ್ಕೋದು ಎಲ್ಲಿಂದ?

ಸಂಶೋಧಕ: ಅದೇ ಗುಟ್ಟು. ಪೇಟೆಂಟ್ ಆಗೋಗಂಟ ಹೇಳಂಗಿಲ್ಲ.

ಗೌಡ: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತಲ್ಲ, ಅಲ್ಲಿ ಕಾವೇರಿ ಬೀಳೋದು ಎಲ್ರಿಗೂ ಕಾಣ್ತಿತ್ತು. ಇಲ್ಲೇನು ಬೀಳ್ತದೆ?

ಟೀ ಅಂಗಡಿಯವನು: ನಮ್ಮ ಜೇಬಿಂದ ಕಾಸು.

ಸಂಶೋಧಕ: ದೊಡ್ಡದೊಡ್ಡೋರೇ ನೋಡಿ ತಲೆದೂಗವ್ರೆ!

ಗೌಡ: 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಸೊಪ್ಪು ಕುದಿಸಿ ಪೆಟ್ರೋಲು ತೆಗೀತೀನಿ ಅಂದಾಗ್ಲೂ ತೂಗಿದ್ರು. 2016ರಲ್ಲಿ ಕೋರ್ಟು ಮೂರು ವರ್ಷ ಶಿಕ್ಷೆ ಕೊಡ್ತು.

ಸಂಶೋಧಕ: ಅದು ಮೋಸ. ಇದು ವಿಜ್ಞಾನ. ಬರೀ ಐವತ್ತು ಸಾವಿರ ಅಡ್ವಾನ್ಸು...

ಗೌಡ: ಆ ಗೋಣಿತಾಟು ಒಸಿ ಎತ್ತು.

ಸಂಶೋಧಕ: ಧೂಳು ಕೂರ್ತದೆ.

ಅಷ್ಟರಲ್ಲಿ ಊರಿನ ಕರೆಂಟು ಹೋಯಿತು. ಅಂಗಡಿಯ ಫ್ಯಾನು ನಿಂತಿತು. ಯಂತ್ರವೂ ನಿಂತಿತು.

ಸಂಶೋಧಕ: ಬೆಳಗ್ಗೆಯಿಂದ ಓಡಿ ದಣಿದದೆ, ಪಾಪ.

ಗೌಡ: ಅದಕ್ಕೂ ಒಂದು ಟೀ ಹಾಕಪ್ಪ. ಲೆಕ್ಕ ಇವರದ್ದು.