ತಿಕೋಟಾಕ್ಕೆ ಬಂದ ಗೂಢಚಾರ

ಅಂತರಿಕ್ಷ, ಯುದ್ಧ, ಗೂಢಚಾರಿಕೆ ಮೂರೂ ಇರುವ ಕಾದಂಬರಿಯೊಂದನ್ನು ನಮ್ಮ ವಿಜಯಪುರದ ನೆಲದಲ್ಲೇ ನಡೆಸಬೇಕೆಂಬುದು ನನ್ನ ಬಹುದಿನದ ಹುಚ್ಚು. ಪತ್ತೇದಾರಿ ಕನ್ನಡಿಗರಿಗೆ ಹೊಸದೇನಲ್ಲ. ನಾಲ್ಕನೇ ಇಯತ್ತೆಯಷ್ಟೇ ಓದಿದ ಎನ್. ನರಸಿಂಹಯ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. 1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಸಿಐಡಿ 999 ಆದರು. ಆ 999 ಮುಂದೆ ಗೋವಾಕ್ಕೆ ಹೋದರೇ ಹೊರತು ತಿಕೋಟಾಕ್ಕೆ ಬರಲಿಲ್ಲ.

ಯುದ್ಧದ ಸಾಮಗ್ರಿಗೆ ನಮ್ಮಲ್ಲಿ ಬರವಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಗುತ್ತದೆ. ಅದರ ಬಾಯಿಯೇ ಸಿಂಹದ ಬಾಯಿ, ಆ ಬಾಯೊಳಗೆ ನಜ್ಜುಗುಜ್ಜಾಗುತ್ತಿರುವ ಆನೆ. ಬತ್ತಿ ಹೊತ್ತಿಸಿದವನು ಸಪ್ಪಳಕ್ಕೆ ಹೆದರಿ ಪಕ್ಕದ ನೀರಲ್ಲಿ ಮುಳುಗುತ್ತಿದ್ದನಂತೆ. ಅಂಥದ್ದನ್ನು 1854ರಲ್ಲಿ ಹರಾಜಿಗಿಟ್ಟರೆ ಬಂದ ಸವಾಲು 150 ರೂಪಾಯಿ! ಪುಣ್ಯಕ್ಕೆ ಹರಾಜು ರದ್ದಾಯಿತು, ನನ್ನ ಕಾದಂಬರಿಗೊಂದು ಲೇಸರ್ ತೋಪು ಉಳಿಯಿತು.

ತೊಂದರೆಯೆಲ್ಲ ಗುಟ್ಟಿನದು. ನಮ್ಮ ಸೇನಾಪತಿಗಳ ಗುಪ್ತಸಭೆಯನ್ನು ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಸೇರಿಸಿದೆ. ಅಲ್ಲಿ ಗೋಡೆಗೆ ಬಾಯಿಟ್ಟು ಉಸುರಿದ್ದು ಸುಮಾರು 38 ಮೀಟರ್ ಆಚೆಗಿನವನ ಕಿವಿಗೆ ಬೀಳುತ್ತದೆ. ಜೋರಾಗಿ ಅಂದರೆ ಏಳು ಸಲ ಮರುದನಿ. ‘ರಾತ್ರಿ ಎರಡಕ್ಕೆ ದಾಳಿ’ ಎಂಬುದನ್ನು ಗುಮ್ಮಟವೇ ಏಳು ಬಾರಿ ಸಾರಿತು. ಅಷ್ಟರಲ್ಲಿ ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ಶಿಳ್ಳೆ ಹೊಡೆದರು. ಗುಟ್ಟು ರಟ್ಟಾಗಲಿಲ್ಲ, ಆದರೆ ಸೇನಾಪತಿಗಳಿಗೂ ತಿಳಿಯಲಿಲ್ಲ.

ಇನ್ನು ಅಂತರಿಕ್ಷ. ವಿಯೆಟ್ನಾಂ ಯುದ್ಧದಲ್ಲಿ ಕಾದಾಡಿ ಬಂದ ಜೋ ಹಾಲ್ಡ್‌ಮನ್ 1974ರಲ್ಲಿ ‘ದಿ ಫಾರೆವರ್ ವಾರ್’ ಬರೆದ. ಅದರಲ್ಲಿ ಬೆಳಕಿನ ವೇಗದ ಹತ್ತಿರ ಹತ್ತಿರ ಓಡಾಡುವ ಸೈನಿಕರಿಗೆ ಕೆಲವು ತಿಂಗಳು ಕಳೆಯುವುದರೊಳಗೆ ಮನೆಯವರಿಗೆ ತಲೆಮಾರುಗಳೇ ಕಳೆದಿರುತ್ತವೆ. ನಾನು ಆ ಲೆಕ್ಕವನ್ನು ಬೇರೆ ಗ್ರಹದಿಂದ ಬಂದ ಶತ್ರುವಿನ ಗೂಢಚಾರನಿಗೆ ಹಚ್ಚಿದೆ. ಅವನು ಕಲಿತು ಬಂದ ಸುದ್ದಿಯೆಲ್ಲ ಹಳಸಲು. ಅವನ ಕಳ್ಳ ಗುರುತಿನ ಚೀಟಿಯಲ್ಲಿ ಜಿಲ್ಲೆ ಬಿಜಾಪುರ. ಅದು 2014ರ ನವೆಂಬರ್ 1ಕ್ಕೇ ವಿಜಯಪುರವಾಗಿದೆ. ತಿಕೋಟಾ, ಬಬಲೇಶ್ವರಗಳು 2018ರ ಸುಮಾರಿಗೆ ತಾಲೂಕುಗಳಾದದ್ದು ಅವನ ಗ್ರಹಕ್ಕೆ ಇನ್ನೂ ಮುಟ್ಟಿಲ್ಲ. ನಕಾಶೆಯಲ್ಲಿ ಬರೀ ಬಯಲು ಎಂದಿದ್ದಲ್ಲಿ ಇಳಿದವನು ದ್ರಾಕ್ಷಿ ಪಡದ ತಂತಿಗೆ ಸಿಕ್ಕಿ ಜೋತಾಡಿದ.

ಇಷ್ಟನ್ನು ತಿಕೋಟಾದ ಅಳಿಯನ ಮುಂದೆ ಓದಿದೆ.

“ಮಾಮಾ, ನಿಮ್ಮಾಂವ ಮುಂದ ಹೆಂಗ ಹೊಕ್ಕಾನ್ರಿ?”

“ಬಸ್ಸಿನ್ಯಾಗೋ.”

“ಹಂಗಾರ ಮುಗೀತ ಬಿಡ್ರಿ. ಬಾಜೂಕ ಕುಂತ ಮುತ್ಯಾ ‘ಯಾವೂರಪಾ, ಯಾರ ಪೈಕಿ?’ ಅಂತ ಕೇಳೇ ಕೇಳ್ತಾನ.”

“ಗೂಢಚಾರ ಅದಾನ, ಸುಳ್ಳ ಹೇಳ್ತಾನ.”

“ಯಾವೂರ ಹೆಸರ ಹೇಳಿದ್ರೂ ಅಲ್ಲಿ ಮುತ್ಯಾನ ಬೀಗರು ಇರ್ತಾರಲ್ರೀ!”

ಅಮೆರಿಕದ ಸಿಐಎಗೂ ಇಂಥ ವಿಚಾರಣಾ ಪದ್ಧತಿ ಇರಲಿಕ್ಕಿಲ್ಲ. ಬಸ್ಸು ಬಿಡಿಸಿ ಶತ್ರುಗಳಿಗೆ ಕವಚದ ಗಾಡಿ ಕೊಟ್ಟೆ. ಅದು ಸಾರವಾಡದ ಹತ್ತಿರ ಡೋಣಿ ಹೊಳೆಯ ದಂಡೆಯ ಎರೆಮಣ್ಣಿನಲ್ಲಿ ಅಚ್ಚಿನವರೆಗೆ ಹೂತಿತು. ಟ್ರ್ಯಾಕ್ಟರ್ ತಂದು ಎಳೆದವರು ಶತ್ರು ಎಂದು ಗೊತ್ತಾದ ಮೇಲೆ ಹಿಡಿದು ಕೊಡಲಿಲ್ಲ, ಬಾಡಿಗೆ ದುಪ್ಪಟ್ಟು ಹೇಳಿದರು.

ಗೂಢಚಾರನಿಗೆ ಕೊನೆಗೊಂದು ದೊಡ್ಡ ಸುಳಿವು ಸಿಕ್ಕಿತು. ಹಸಿರು ಜಾಳಿಗೆ ಹೊದಿಸಿದ ಉದ್ದನೆಯ ಶೆಡ್, ಪೊಟ್ಯಾಶಿಯಂ ಕಾರ್ಬೊನೇಟ್ ಚೀಲಗಳು, ಎಣ್ಣೆ ಬೆರೆಸಿದ ದ್ರಾವಣದಲ್ಲಿ ಅದ್ದಿ ತೆಗೆಯುವ ಬುಟ್ಟಿಗಳು, ಗಂಧಕದ ಹೊಗೆ. ‘ರಾಸಾಯನಿಕ ಅಸ್ತ್ರದ ಕಾರ್ಖಾನೆ’ ಎಂದು ತನ್ನ ಗ್ರಹಕ್ಕೆ ತುರ್ತು ಸಂದೇಶ ಕಳಿಸಿದ. ಬಿಸಿಲು ತಾಗದಂತೆ ಸಾಲುಸಾಲು ಬಲೆಗಳ ಮೇಲೆ ಎರಡು ವಾರ ಒಣಗುವ ಅಸ್ತ್ರದ ಮಾದರಿಯೊಂದನ್ನು ಕದ್ದು, ಪರೀಕ್ಷೆಗೆಂದು ಬಾಯಿಗೆ ಹಾಕಿಕೊಂಡ. ಒಣದ್ರಾಕ್ಷಿ! ಕೆಲಸದವರು ಕಡಿಮೆ ಬಿದ್ದಿದ್ದರಿಂದ ಶೆಡ್ಡಿನ ಧಣಿಯಾದ ನನ್ನ ಅಳಿಯ ಅವನಿಗೆ ಅಲ್ಲೇ ಪಗಾರ ಗೊತ್ತು ಮಾಡಿದ.

ಸದ್ಯ ಕಾದಂಬರಿ ನಿಂತಿರುವುದು ಇಲ್ಲಿ. ಶತ್ರು ನೌಕಾಪಡೆ ಮೋಡ ಬಿತ್ತುವ ಅಸ್ತ್ರ ಹೂಡಿ ಆಕಾಶದಲ್ಲಿ ಸಜ್ಜಾಗಿದೆ. ಅಪ್ಪಣೆಗೆ ಕಾಯುತ್ತಿರುವ ಸೇನಾಧಿಪತಿಗೆ ತಿಕೋಟಾದಿಂದ ಗೂಢಚಾರನ ಸಂಕೇತ ಹೋಗಿದೆ: “ಮಾಲು ಇನ್ನೂ ಶೆಡ್ಡಿನ್ಯಾಗ ಐತ್ರಿ. ಮಳಿ ಗಿಳಿ ಸುರಿಸಿದ್ರ ನೆಟ್ಟಗಿರೂದಿಲ್ಲ ನೋಡ್ರಿ.”